ಸೂಗಪ್ಪನ ಹೆಸರಿನ ಕೀಲಿ

ಮಾರ್ಗಶಿರ ಮುಗಿಯುತ್ತ ಬಂದಿತ್ತು. ಊರಲ್ಲಾದರೆ ಈ ಹೊತ್ತಿಗೆ ತೊಗರಿ ಕಾಯಿ ಬಲಿತು, ಬಿಳಿಜೋಳ ಎದೆಮಟ್ಟ ನಿಂತು, ಮುಂಜಾನೆ ಹೊಲಕ್ಕೆ ಹೋದವರ ಧೋತರದ ಅಂಚು ಇಬ್ಬನಿಯಲ್ಲಿ ತೊಯ್ದಿರುತ್ತಿತ್ತು. ಈ ತೆಲುಗು ಪಟ್ಟಣದ ಲಿಂಗಂಪಲ್ಲಿಯಲ್ಲಿ ಇಬ್ಬನಿ ಬೀಳುವುದು ರೈಲಿನ ಹಳಿಗಳ ಮೇಲೆ, ಸಾಲಾಗಿ ನಿಂತ ಆಟೋಗಳ ಮೇಲೆ. ಆದರೂ ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ, ಒಂದನೇ ಅಂತಸ್ತಿನ ಮನೆಯಲ್ಲಿ, ಶಿವದೇವಿ ನಸುಕಿಗೇ ಎದ್ದು ಸಜ್ಜೆ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿಯತೊಡಗಿದ್ದಳು. ಆ ಟಪಟಪ ಸದ್ದು ಕೇಳಿಯೇ ಕೆಳಗಿನ ಟೇಲರ್ ಶಾಂತಪ್ಪ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಗಡಿಯಾರ ಕೆಟ್ಟರೂ ಆ ಓಣಿಗೆ ಏನೂ ಆಗುತ್ತಿರಲಿಲ್ಲ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡುಗೆಯ ತುತ್ತನ್ನು ಬೆಳೆಗೆ ಎರಚಿ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣಬೇಕು. ಕೊಂಡಾಪುರದಲ್ಲಿ ಕೆಲಸಕ್ಕಿರುವ ಕಲಬುರಗಿ, ಬೀದರಿನ ಹುಡುಗರಿಗೆ ಹೊಲವೆಲ್ಲಿ ಬರಬೇಕು? ಬಾಲ್ಕನಿಯಲ್ಲಿ ಕೂತಾದರೂ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಎಣ್ಣೆಗಾಯಿ ಉಣ್ಣೋಣವೆಂದು ಅವರೆಲ್ಲ ಶಿವದೇವಿಗೆ ಮೊದಲೇ ಹೇಳಿಟ್ಟಿದ್ದರು. ಹೇಳಿಟ್ಟಿದ್ದರು ಎಂದರೆ ಬಾಯಲ್ಲಿ ಹೇಳಿದ್ದಲ್ಲ. 'ತವಾಬಂಡಿ' ಎಂಬ, ಮನೆಯೂಟ ತರಿಸುವ ಆ್ಯಪಿನಲ್ಲಿ. ಅದರೊಳಗೆ 'ಶಿವದೇವಿ ರೊಟ್ಟಿ ಮನೆ' ಅಂತ ಹೆಸರು, ಕೆಳಗೆ ರೊಟ್ಟಿ ಬುಟ್ಟಿಯ ಚಿತ್ರ. ಮನೆಬಾಡಿಗೆಯ ಚೀಟಿಯಿಂದ ಹಿಡಿದು ಗ್ಯಾಸಿನ ಪುಸ್ತಕದವರೆಗೆ ಎಲ್ಲವೂ ಗಂಡನ ಹೆಸರಲ್ಲಿದ್ದ ಆ ಮನೆಯಲ್ಲಿ ಅವಳ ಹೆಸರಲ್ಲಿ ಇದ್ದದ್ದು ಅದೊಂದೇ.

ಗಂಡ ಸೂಗಪ್ಪ ಕೊಂಡಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೆಕ್ಯುರಿಟಿ. ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಂಪನಿ ಸಾಫ್ಟ್‌ವೇರಿನದೇ, ಸೂಗಪ್ಪ ಸೆಕ್ಯುರಿಟಿಯೇ. ಇವೆರಡನ್ನೂ ಜೋಡಿಸಿ ಊರವರು ಏನು ತಿಳಿದುಕೊಂಡರೋ ಅದು ಊರವರ ಪಾಲಿನ ಪಾಪ. ಮದುವೆ ಮುಂಜಿಗೆ ಸೇಡಂ ಕಡೆ ಹೋದಾಗ ಯಾರಾದರೂ ಮೊಬೈಲ್ ಮುಂದೆ ಚಾಚಿ, "ಸೂಗಪ್ಪಣ್ಣ, ನೀ ಸೆಕ್ಯುರಿಟಿನಾಗ ಇದ್ದೀಯಲ್ಲ, ಇದಕ ವೈರಸ್ ಹೊಕ್ಕೈತೇನು ನೋಡು" ಅಂದರೆ, ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಭಾಳ ಹುಷಾರಿರಬೇಕು ತಮ್ಮಾ, ಕಾಲ ಚಲೋ ಇಲ್ಲ" ಎಂದು ಹಿಂದಕ್ಕೆ ಕೊಡುತ್ತಿದ್ದ. ಇಂಥ ಮಾತಿಗೆ ತಪ್ಪು ಹುಡುಕುವುದು ಯಾರಿಂದಲೂ ಸಾಧ್ಯವಿಲ್ಲ.

ಆ ದಿನ ಬೆಳಿಗ್ಗೆ ಅವನು ರಾತ್ರಿಪಾಳಿ ಮುಗಿಸಿ ಬಂದು, ಬೂಟು ಬಿಚ್ಚುವ ಮೊದಲೇ ಶಿವದೇವಿಯ ಫೋನಿಗೆ ತವಾಬಂಡಿಯಿಂದ ಬಂದ ಸಂದೇಶ ಓದಿದ.

"ಏ, ಕೇಳಿಲ್ಲಿ. ಡಾಟಾ ಸೋರೈತಂತ."

ಶಿವದೇವಿ ತಲೆಯೆತ್ತಿ ಮೊದಲು ಚತ್ತು ನೋಡಿದಳು, ಆಮೇಲೆ ನಳ ನೋಡಿದಳು. "ಎಲ್ಲಿ ಸೋರಾಕತ್ತೈತ್ರಿ?"

"ಮನ್ಯಾಗಲ್ಲ. ಕಂಪನ್ಯಾಗ. ನಿನ್ನ ಹೆಸರು, ನಂಬರು, ಮನಿ ವಿಳಾಸ ಎಲ್ಲಾ ಕಳ್ಳರ ಕೈಗೆ ಹೋಗಿರಬೌದಂತ."

"ಅಯ್ಯ, ನನ್ನ ವಿಳಾಸ ತಗೊಂಡು ಕಳ್ಳರು ಏನ್ ಮಾಡ್ತಾರ? ಬಂದ್ರ ರೊಟ್ಟಿ ತಿಂದು ಹೋಗ್ತಾರ."

"ಹಂಗನಬ್ಯಾಡ! ನಮ್ಮ ಗೇಟಿನಾಗ ಇಂಜಿನಿಯರ್ ಹುಡುಗರು ಚಹಾ ಕುಡಿಯಾಕ ಬಂದಾಗ ಇದs ಮಾತು. ಡಾಟಾ ಅಂದ್ರ ಈಗ ಬಂಗಾರಕಿಂತ ಹೆಚ್ಚು." ಸೂಗಪ್ಪ ಎದೆ ಸೆಟೆಸಿದ. "ಹೊಸ ಗುಟ್ಟಿನ ಪ್ರಶ್ನಿ ಇಟಗೊಳ್ರಿ ಅಂದಾರ. ತಾ, ನಾ ಇಡತೀನಿ. ನಾ ಮಾಡೋದು ಇದs ಕೆಲಸ ಅಲ್ಲೇನು?"

ಆ್ಯಪು ಕೆಲವು ಪ್ರಶ್ನೆಗಳನ್ನು ಮುಂದಿಟ್ಟಿತು. ಮೊದಲು ಓದಿದ ಶಾಲೆ? ಸಾಕಿದ ನಾಯಿಯ ಹೆಸರು? ಗಂಡ ಅಥವಾ ಹೆಂಡತಿಯ ಹೆಸರು? ಗೇಟಿನ ಹುಡುಗರು ಹೇಳಿದ್ದ ಮಾತು ಸೂಗಪ್ಪನಿಗೆ ನೆನಪಿತ್ತು: ಯಾರ ಬಾಯಿಂದಲೂ ಜಪ್ಪಯ್ಯ ಅಂದರೂ ಹೊರಬೀಳದಂಥ ಪದ ಇಡಬೇಕು. ಶಾಲೆಯ ಹೆಸರನ್ನು ಶಿವದೇವಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನಾಯಿ ಇರಲಿಲ್ಲ. ಮದುವೆಯಾದಂದಿನಿಂದ ಇಂದಿನವರೆಗೆ ಈ ಹೆಂಗಸಿನ ಬಾಯಿಂದ ಬಾರದ ಪದ ಜಗತ್ತಿನಲ್ಲಿ ಒಂದೇ ಒಂದಿತ್ತು. ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳ ಅವ್ವ ಹೇಳಿ ಕಳಿಸಿದ್ದಳು. ಅವಳೂ ಅದನ್ನು ಮೀರಿದವಳಲ್ಲ. ಜನಗಣತಿಯವರು ಬಂದಾಗ ಕೂಡ ಕ್ಯಾಲೆಂಡರಿನಲ್ಲಿದ್ದ ಅದೇ ಹೆಸರಿನ ದೇವರ ಮೇಲೆ ಬೆರಳಿಟ್ಟು ತೋರಿಸಿದವಳು.

ಸೂಗಪ್ಪ ನಗುತ್ತ ತನ್ನ ಹೆಸರನ್ನು ಒತ್ತಿದ. ಕಳ್ಳರು ಶಿವದೇವಿಯನ್ನು ಕಟ್ಟಿ ಹಾಕಿ ಕೇಳಿದರೂ ಇದು ಹೊರಗೆ ಬರುವಂತಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಕೀಲಿ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವುದು ಕಾವಲುಗಾರನ ಧರ್ಮ. ಅಂದಿನ ಪಾಳಿಯಲ್ಲಿ ಸೂಗಪ್ಪ ತನ್ನ ಫೋನಿನಿಂದ ಹೆಂಡತಿಯ ಖಾತೆಯ ಕೀಲಿಯನ್ನು ಜಗ್ಗಿ ನೋಡಿದ. ಗಂಡನ ಹೆಸರು ಕೇಳಿದಲ್ಲಿ ಬಾಯಿಗೆ ಬಂದಂತೆ 'ವೀರಭದ್ರಪ್ಪ' ಎಂದು ಹೊಡೆದ. ತಪ್ಪು ಅಂದಿತು. 'ಶಾಂತಪ್ಪ' ಎಂದು ಹೊಡೆದ. ತಪ್ಪು ಅಂದಿತು. ಸಂತೋಷವಾಯಿತು. 'ಪದ್ಮನಾಭ' ಎಂದು ಹೊಡೆದ. ಅವನು ಸೂಗಪ್ಪನ ಕಂಪನಿಯ ಮಾನೇಜರು, ಅವನಿಗೂ ಬಾಗಿಲು ತೆರೆಯಲಿಲ್ಲ. ಕೀಲಿ ಇದ್ದರೆ ಹೀಗಿರಬೇಕು ಎಂದುಕೊಂಡು ಸೂಗಪ್ಪ ಕುರ್ಚಿಗೆ ಒರಗಿದ.

ಆ ಕಡೆ ಆ್ಯಪು ಬೇರೆಯೇ ತಿಳಿದುಕೊಂಡಿತು.

ಬೆಳಿಗ್ಗೆ ಬಂದ ಸಂದೇಶ ಹೀಗಿತ್ತು: ನಿಮ್ಮ ಖಾತೆಗೆ ಕನ್ನ ಹಾಕುವ ಪ್ರಯತ್ನ ನಡೆದಿದೆ. ಖಾತೆಯನ್ನು ಮುಚ್ಚಲಾಗಿದೆ. ಖಾತೆದಾರರು ಫೋನಿನಲ್ಲಿ ತಮ್ಮ ಬಾಯಿಂದಲೇ ಗುಟ್ಟಿನ ಉತ್ತರ ಹೇಳತಕ್ಕದ್ದು. ಇಂದು ಸಂಜೆಯೊಳಗೆ ಹೇಳದಿದ್ದರೆ ನಾಳೆಯ ಅಮಾವಾಸ್ಯೆಯ ಆರ್ಡರುಗಳು ಬೇರೆ ಅಡುಗೆಯವರಿಗೆ ಹೋಗುತ್ತವೆ.

ಶಿವದೇವಿ ಮೂಲೆಯ ಕಡೆ ನೋಡಿದಳು. ಮೆಹದಿಪಟ್ಟಣಂ ಮಾರ್ಕೆಟ್ಟಿನಿಂದ ಹೊತ್ತು ತಂದ ಬದನೆಕಾಯಿ ಗುಡ್ಡೆಬಿದ್ದಿದ್ದವು. ಹಸಿ ತೊಗರಿಕಾಳು ಸುಲಿದಿಟ್ಟಾಗಿತ್ತು. ರೊಟ್ಟಿ ಬುಟ್ಟಿಯ ಬಾಯಿಮಟ್ಟ ಇದ್ದವು.

"ಯಾವನೋ ಕಳ್ಳ ರಾತ್ರಿಯೆಲ್ಲಾ ಬೆನ್ನು ಹತ್ಯಾನ," ಎಂದ ಸೂಗಪ್ಪ. ಹಾಗೆನ್ನುತ್ತಿರುವಾಗಲೇ ಆ ಕಳ್ಳ ಯಾರೆಂಬುದು ಹೊಳೆದು ಅವನ ದನಿ ಇಳಿಯಿತು.

"ಫೋನ್ ಹಚ್ಚಿ ಕೊಡ್ರಿ," ಅಂದಳು ಶಿವದೇವಿ.

ಕನ್ನಡಕ್ಕೆ ನಾಲ್ಕು ಒತ್ತಿ ಎಂದದ್ದಕ್ಕೆ ನಾಲ್ಕು ಒತ್ತಿದಾಗ ಆ ಕಡೆ ಮೈಸೂರಿನ ಹುಡುಗಿಯೊಬ್ಬಳ ದನಿ ಬಂತು.

"ನಮಸ್ಕಾರ, ನಾನು ಕೃಪಾ. ಈ ಕರೆ ರೆಕಾರ್ಡ್ ಆಗ್ತಾ ಇರುತ್ತೆ. ಗುಟ್ಟಿನ ಪ್ರಶ್ನೆ ಕೇಳ್ಲಾ ಮೇಡಮ್? ನಿಮ್ಮ ಯಜಮಾನರ ಹೆಸರೇನು?"

ಶಿವದೇವಿ ಫೋನನ್ನು ಕಿವಿಯಿಂದ ತೆಗೆದು ಗಂಡನ ಮುಖ ನೋಡಿದಳು. ಗಂಡ ಬದನೆಕಾಯಿ ನೋಡಿದ.

"ಅದೊಂದು ಬಿಟ್ಟು ಬ್ಯಾರೆ ಏನರೆ ಕೇಳವ್ವ."

"ಬೇರೆ ಕೇಳೋ ಹಾಗಿಲ್ಲ ಮೇಡಮ್. ನೀವೇ ತಾನೇ ಆರಿಸಿಕೊಂಡಿರೋದು?"

"ನಾ ಎಲ್ಲಿ ಆರಿಸ್ಕೊಂಡೆವ್ವ? ನಮ್ಮಪ್ಪ ಆರಿಸಿದ."

"ಅಯ್ಯೋ, ಯಜಮಾನರನ್ನಲ್ಲ, ಪ್ರಶ್ನೆನ."

"ಪ್ರಶ್ನಿ ಅವರs ಆರಿಸ್ಯಾರ. ನೋಡವ್ವ, ನನ್ನ ಮಗಳು ಅನುರಾಧಾ ಅಂತ, ಕಲಬುರಗ್ಯಾಗ ಓದಾಕತ್ತಾಳ. ಅನುರಾಧಾನ ಅಪ್ಪ ಅಂತ ಬರಕೋ."

"ಹೆಸರೇ ಬೇಕು ಮೇಡಮ್."

"ದೇವಸೂಗೂರದಾಗ ಯಾವ ದೇವರು ಅದಾನ? ಆ ದೇವರ ಹೆಸರಿನಾಗ ಅರ್ಧ."

"ನಮ್ಮ ಸಿಸ್ಟಮ್ ಅರ್ಧ ತಗೊಳ್ಳಲ್ಲ ಮೇಡಮ್."

ಇಷ್ಟು ಹೊತ್ತು ತಡೆದಿದ್ದ ಸೂಗಪ್ಪ ಕೂಗಿಯೇಬಿಟ್ಟ: "ಸೂಗಪ್ಪ ಅನ್ನು! ಒಮ್ಮಿ ಸೂಗಪ್ಪ ಅಂದ್ರ ನಾ ಏನು ಇಲ್ಲೇ ಬಿದ್ದು ಸಾಯ್ತೀನೇನು?"

ಆ ಕಡೆ ಕೃಪಾಳ ದನಿ ಚುರುಕಾಯಿತು. "ಯಾರೋ ಗಂಡಸು ಹೇಳಿಕೊಡ್ತಾ ಇದ್ದಾರಲ್ಲ. ಯಾರು ಮೇಡಮ್ ಅವರು?"

"ಅವರಾ? ಅವರs ಇವರು."

"ಇವರು ಅಂದ್ರೆ ಯಾರು? ಹೆಸರು?"

ಮತ್ತೆ ಅದೇ ಗುಂಡಿ. ಕೃಪಾ ಪಿಸುದನಿಗೆ ಇಳಿದಳು. "ಮೇಡಮ್, ಹೆದರಬೇಡಿ. ಆ ಗಂಡಸು ನಿಮ್ಮನ್ನ ಬಲವಂತವಾಗಿ ಮಾತಾಡಿಸ್ತಿದ್ದಾರಾ? ಹೌದು ಅನ್ನೋ ಹಾಗಿದ್ರೆ ಬರೀ 'ಹೂಂ' ಅನ್ನಿ, ಸಾಕು."

ಹೊರಗೆ ರೈಲು ಹಾಯುತ್ತಿತ್ತು. ಏನೂ ಕೇಳಿಸದಿದ್ದಾಗ ದೊಡ್ಡ ಮನೆತನದ ಹೆಣ್ಣುಮಕ್ಕಳು ಏನನ್ನುತ್ತಾರೋ ಶಿವದೇವಿಯೂ ಅದನ್ನೇ ಅಂದಳು.

"ಹೂಂ."

ಮಧ್ಯಾಹ್ನಕ್ಕೆ ಬೈಕಿನ ಮೇಲೆ ಭರತ ಬಂದ. ತವಾಬಂಡಿ ಕಂಪನಿಯ ತಪಾಸಣೆಯ ಹುಡುಗ, ಉಡುಪಿಯ ಕಡೆಯವನು. ಗುಟ್ಟಿನ ವಿಚಾರವಾದ್ದರಿಂದ ಮೊದಲು ಅಕ್ಕಪಕ್ಕ ವಿಚಾರಿಸಬೇಕೆಂದು ಮೇಲಿನವರು ಹೇಳಿ ಕಳಿಸಿದ್ದರು. ಗುಟ್ಟು ಕಾಯಲು ಅವರು ಕಂಡುಕೊಂಡ ದಾರಿ ಓಣಿಯ ಟೇಲರನನ್ನು ಕೇಳುವುದು.

"ಮೇಲಿನ ಮನೆಯ ಶಿವದೇವಿ ಅಮ್ಮನ ಗಂಡ ಯಾರು ಮಾರಾಯ್ರೆ?"

ಶಾಂತಪ್ಪನ ಬಾಯಲ್ಲಿದ್ದ ದಾರ ಕೆಳಗೆ ಬಿತ್ತು. "ಯಾರು ಅಂದ್ರ? ಸೂಗಪ್ಪ!"

"ಅದು ನಿಮಗೆ ಖಾತ್ರಿ ಉಂಟಾ? ಅಮ್ಮ ಹೇಳುವುದಿಲ್ಲವಲ್ಲ. ಅಲ್ಲಿ ಒಬ್ಬ ಗಂಡಸು ಅವರನ್ನು ಹೆದರಿಸುತ್ತಿದ್ದಾನೆ ಅಂತ ಕಂಪ್ಲೇಂಟ್ ಉಂಟು."

ಶಾಂತಪ್ಪ ಕೆಟ್ಟವನಲ್ಲ. ಸೇಡಂ ತಾಲೂಕಿನವನು, ಶಿವದೇವಿಯ ತವರಿನ ಪಕ್ಕದ ಊರು. ತವರಿನವರಿಗೆ ತಿಳಿಸದಿದ್ದರೆ ನಾಳೆ ತನ್ನ ತಲೆಗೆ ಬರುತ್ತದೆಂದು ಫೋನು ತಿರುಗಿಸಿದ. ಆ ಕಡೆ ಅಕ್ಕನ ಗಂಡನಿಗೂ ಮಾವ ಎನ್ನುತ್ತಾರೆ; ಅವನು ಹೇಳಿದ್ದು ಇಷ್ಟೇ: "ಅಕ್ಕ ಮಾವನ ಹೆಸರು ಹೇಳವಲ್ಲಳಂತ." ಅದು ಶಿವದೇವಿಯ ತಮ್ಮ ಕಲ್ಲೇಶನ ಕಿವಿಗೆ ಬೀಳುವಾಗ 'ಮಾವನ ಹೆಸರು ಎತ್ತಬ್ಯಾಡ್ರಿ ಅಂದಾಳಂತ' ಎಂದಾಗಿತ್ತು. ಹೊಲದಲ್ಲಿ ನಿಂತಿದ್ದವನು ಅಲ್ಲಿಂದಲೇ ಫೋನು ಮಾಡಿದ.

"ಅಕ್ಕಾ, ಹೆದರಬ್ಯಾಡ. ಏನ್ ಮಾಡ್ಯಾನ ಅವ? ಕುಡದು ಬಂದಿದ್ದನೇನು?"

"ಯಾರಪ್ಪ?"

"ಮಾವ!"

"ಏ ಹುಚ್ಚಪ್ಪ, ಅವರು ಇಲ್ಲೇ ಕುಂತು ಬೆಳ್ಳುಳ್ಳಿ ಸುಲ್ಯಾಕತ್ತಾರ."

"ಹೆದರಿ ಹೇಳಬ್ಯಾಡ. ನಿನ್ನ ಸಲುವಾಗಿ ಪೊಲೀಸರು ಬಂದಾರಂತಲ್ಲ? ಸಂಜಿ ರೈಲು ಹತ್ತತೀನಿ. ನಮ್ಮ ಮನಿ ಬಾಗಿಲ ನಿನಗ ತೆರದೈತಿ."

ಫೋನಿಟ್ಟು ಶಿವದೇವಿ ಗಂಡನತ್ತ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಿನದೋ ಹೆಚ್ಚುತ್ತಿದ್ದ ಈರುಳ್ಳಿಯದೋ ಸೂಗಪ್ಪನಿಗೆ ತಿಳಿಯಲಿಲ್ಲ.

"ನಾಳಿನ ಮಂದಿ ಕಳಕೊಂಡ್ರ ಆ ಹುಡುಗರು ಮತ್ತ ನನ್ನ ಕಡೆ ಬರ್ತಾರೇನ್ರಿ? ಒಂದೊಂದ ರೊಟ್ಟಿ ಬಡದು ಕೂಡಿಸಿದ ಮಂದಿ. ಹಂಚು ತೊಳದು ಮೂಲಿಗೆ ಇಡತೀನಿ ಹಂಗಾರ."

ಸೂಗಪ್ಪನಿಗೆ ಬೆಳ್ಳುಳ್ಳಿಯೂ ಸುಲಿಯಲಾಗಲಿಲ್ಲ.

ಅಷ್ಟರಲ್ಲಿ ಭರತ ಮೇಲೆ ಬಂದ. ಅವನ ಹಿಂದೆ ಶಾಂತಪ್ಪ, ಶಾಂತಪ್ಪನ ಹಿಂದೆ ಎದುರುಮನೆಯ ಪಾರ್ವತೆಮ್ಮ, ಅವಳ ಹಿಂದೆ ಓಣಿಯ ಬಿಡುವಿದ್ದ ಹೆಂಗಸರೆಲ್ಲರೂ. ಮನೆಯೊಡತಿ ತೆಲುಗಮ್ಮ ಏನಾಯಿತೆಂದು ತಿಳಿಯದೆ ಮೆಟ್ಟಿಲ ಕೆಳಗಿಂದಲೇ "ಏಮೈಂದಿ, ಏಮೈಂದಿ?" ಎಂದು ಕೂಗುತ್ತಿದ್ದಳು, ಯಾರೂ ಉತ್ತರ ಕೊಡದ್ದರಿಂದ ಅವಳೂ ಮೇಲೆ ಬಂದಳು.

ಸೂಗಪ್ಪ ಡ್ಯೂಟಿಯ ಅಂಗಿ ತೊಟ್ಟು, ಟೋಪಿ ಇಟ್ಟುಕೊಂಡು ಮುಂದೆ ನಿಂತ. "ನಮಸ್ಕಾರ್ರಿ. ನಾನೂ ಸೆಕ್ಯುರಿಟಿನಾಗ ಇದ್ದೀನಿ."

ಭರತನ ಮುಖ ಅರಳಿತು. "ಹೌದಾ ಸಾರ್? ಹಾಗಾದರೆ ಸುಲಭ ಆಯಿತು. ಎಂತ ನಿಮ್ಮದು, ನೆಟ್‌ವರ್ಕ್ ಸೆಕ್ಯುರಿಟಿಯಾ, ಆ್ಯಪ್ ಸೆಕ್ಯುರಿಟಿಯಾ?"

"ಎರಡನೇ ನಂಬರ್ ಗೇಟ್," ಎಂದ ಸೂಗಪ್ಪ.

ಭರತ ಕೆಟ್ಟದ್ದಾಗಿ ನಗಲಿಲ್ಲ. ಪಾಪ, ಒಳ್ಳೆಯ ಹುಡುಗ. ಆದರೆ ಅವನ ಕಣ್ಣು ಸೂಗಪ್ಪನ ಅಂಗಿಯ ಜೇಬಿನ ಮೇಲೆ ನಿಂತಿತು. ಅಲ್ಲಿ ಹಿತ್ತಾಳೆಯ ಪಟ್ಟಿಯ ಮೇಲೆ, ದೂರದಿಂದಲೂ ಓದಬಹುದಾದ ಅಕ್ಷರಗಳಲ್ಲಿ, ಗುಟ್ಟಿನ ಉತ್ತರ ಹೊಳೆಯುತ್ತಿತ್ತು.

"ಸಾರ್... ಯಾರಿಗೂ ಗೊತ್ತಾಗಬಾರದ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ದಿನಾ ಗೇಟಿನಲ್ಲಿ ನಿಲ್ಲುವುದಾ ನೀವು?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸೂಗಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ತಪ್ಪಾತ್ರಿ," ಅಂದ. "ರಾತ್ರಿ ಕೀಲಿ ಜಗ್ಗಿದ ಕಳ್ಳನೂ ನಾನs. ಗಟ್ಟಿ ಐತೇನು ಅಂತ ನೋಡಾಕ ಹೋಗಿದ್ದೆ. ಇದರಾಗ ಆಕಿದೇನೂ ಇಲ್ಲ. ಆಕಿ ಬುಟ್ಟಿ ಆಕಿಗೆ ಕೊಟ್ಟುಬಿಡ್ರಿ."

"ನಾನು ಕೊಡಲಿಕ್ಕೆ ಬರುವುದಿಲ್ಲ ಸಾರ್. ಅಮ್ಮ ಬಾಯಿಬಿಟ್ಟು ಹೆಸರು ಹೇಳಬೇಕು. ಅಷ್ಟೇ ದಾರಿ."

ಆಗ ಪಾರ್ವತೆಮ್ಮ ಮುಂದೆ ಬಂದಳು. ಬೀದರದವಳು, ಹಿರಿಯಳು; ಓಣಿಯ ಬಸುರಿಯರ ಕುಪ್ಪಸದ ಕಾರ್ಯ, ತೊಟ್ಟಿಲ ಕಾರ್ಯವೆಲ್ಲ ಅವಳಿಲ್ಲದೆ ಆಗುತ್ತಿರಲಿಲ್ಲ.

"ಏ ಹುಡುಗಾ, ಬರೀ ಹೆಸರು ಹೇಳಂದ್ರ ಹೆಂಗ ಹೇಳತಾಳ? ನಿನ್ನ ಕಂಪನ್ಯಾಗ ಹೆಣ್ಣುಮಕ್ಕಳಿಗೆ ಮಾತಾಡ್ಸೋ ರೀತಿ ಗೊತ್ತಿಲ್ಲೇನು? ಒಡಪು ಕೇಳಬೇಕು, ಒಡಪು!"

"ಒಡಪು ಅಂದರೆ ಎಂತ?"

"ಹಾಡಿನ ಹಂಗ ಕಟ್ಟಿ, ನಡುವ ಗಂಡನ ಹೆಸರು ಸೇರಿಸಿ ಹೇಳೋದು. ಹಂಗ ಹೇಳಿದ್ರ ದೋಷ ಇಲ್ಲ. ನಮ್ಮ ಕಡೆ ಹೊಚ್ಚಲ ದಾಟಬೇಕಾದ್ರ ಮದುಮಗಳು ಅದನ್ನ ಹೇಳs ಬೇಕು. ನಿಮ್ಮ ಆ್ಯಪ್ಪೂ ಹೊಚ್ಚಲs ಅಂತ ತಿಳಕೋ."

ಭರತ ಕೃಪಾಳಿಗೆ ಫೋನು ಹಚ್ಚಿ, ಹೀಗೆ ಹೀಗೆ ಎಂದು ವಿವರಿಸಿ, ಎಲ್ಲರಿಗೂ ಕೇಳುವಂತೆ ಇಟ್ಟ. ಶಿವದೇವಿ ಹಿಟ್ಟಿನ ಕೈ ಒರೆಸಿಕೊಂಡಳು, ತಲೆಯ ಮೇಲೆ ಸೆರಗು ಹೊದ್ದಳು. ಒಮ್ಮೆ ಗಂಡನತ್ತ ನೋಡಿ, ಕಣ್ಣು ಕೆಳಗೆ ಮಾಡಿ, ತುಸು ರಾಗ ಎಳೆದು ಹೇಳಿದಳು:

"ಸಜ್ಜಿ ಹಿಟ್ಟಿಗೆ ಎಳ್ಳ ಹಚ್ಚಿ ಬಡದೀನಿ ರೊಟ್ಟಿ,
ಮಂದಿ ಗೇಟ ಕಾಯೋದರಾಗ ನಮ್ಮವರು ಭಾಳ ಗಟ್ಟಿ,
ಮನಿಗೆ ತಮ್ಮ ಹೆಸರ ಕೀಲಿ ಜಡದು ಕುಂತಾರ ಕೈ ಕಟ್ಟಿ,
ಸೂಗಪ್ಪನವರ ಹೆಸರ ಹೇಳೀನಿ, ತಿರುಗಿ ಕೊಡ್ರಿ ನನ್ನ ಬುಟ್ಟಿ!"

ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ತೆಲುಗಮ್ಮ ಅರ್ಥವಾಗದಿದ್ದರೂ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಸೂಗಪ್ಪ ನಿಂತಲ್ಲೇ ನಿಂತಿದ್ದ. ತನ್ನ ಹೆಸರು ಅಷ್ಟು ಚೆನ್ನಾಗಿದೆಯೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಕೃಪಾ, "ಮೇಡಮ್... ತುಂಬಾ ಚೆನ್ನಾಗಿತ್ತು. ಆದ್ರೆ ಬರೀ ಹೆಸರೊಂದನ್ನೇ ಇನ್ನೊಂದು ಸಲ..." ಎಂದಳು.

"ಒಮ್ಮಿ ಅಂದ್ರ ಒಮ್ಮಿ," ಅಂದಳು ಶಿವದೇವಿ.

"ಸರಿ ಮೇಡಮ್, ಸರಿ. ತಗೊಂಡಿದೆ. ನಿಮ್ಮ ಖಾತೆ ತೆರೆದಿದೆ."

ಭರತ ತೋರಿಸಿದ ಪರದೆಯ ಮೇಲೆ ರೊಟ್ಟಿ ಬುಟ್ಟಿಯ ಚಿತ್ರ ಮತ್ತೆ ಮೂಡಿತ್ತು. ಕೆಳಗೆ ನಾಳೆ ಉಣ್ಣುವವರ ಹೆಸರುಗಳು ಹಾಗೇ ಇದ್ದವು. ಶಿವದೇವಿ ಅವನ್ನು ಮಕ್ಕಳ ತಲೆ ಮುಟ್ಟಿದ ಹಾಗೆ ಬೆರಳಿಂದ ಮುಟ್ಟಿದಳು. ಆಮೇಲೆ ಏನೋ ಹೊಳೆದು ಫೋನಿನತ್ತ ಬಗ್ಗಿದಳು.

"ತಂಗೀ, ನಾ ಈಗ ಹೇಳಿದ್ದನ್ನ ನೀವು ಎಲ್ಲಿ ಇಡ್ತೀರಿ?"

"ರೆಕಾರ್ಡ್ ಆಗಿರುತ್ತೆ ಮೇಡಮ್. ತುಂಬಾ ಭದ್ರವಾಗಿರುತ್ತೆ."

"ಮೊನ್ನೆ ಸೋರಿದ್ದೂ ಭದ್ರನs ಇತ್ತಲ್ಲವ್ವ?"

ಕೃಪಾಳಿಗೆ ಕಂಪನಿ ಎಲ್ಲ ಪ್ರಶ್ನೆಗೂ ಉತ್ತರ ಬರೆದುಕೊಟ್ಟಿತ್ತು, ಇದೊಂದಕ್ಕೆ ಬರೆದುಕೊಟ್ಟಿರಲಿಲ್ಲ. "ಹೌದು ಮೇಡಮ್," ಎಂದಳು ಮೆಲ್ಲಗೆ. "ಅಳಿಸಿ ಅಂತ ಮೇಲಿನವರಿಗೆ ಬರೀತೀನಿ. ಅಳಿಸ್ತಾರೋ ಇಲ್ವೋ, ನಂಗೆ ಗೊತ್ತಿಲ್ಲ."

"ಖರೇ ಹೇಳಿದಿ. ಅಷ್ಟಾರ ಹೇಳಿದೆಲ್ಲ," ಅಂದಳು ಶಿವದೇವಿ.

ಭರತನಿಗೆ ರೊಟ್ಟಿ ಕಟ್ಟಿ ಕೊಟ್ಟರು. ಕಲ್ಲೇಶನಿಗೆ ಫೋನು ಮಾಡಿ ರೈಲು ಹತ್ತದಂತೆ ಹೇಳಲಾಯಿತು. ಅಷ್ಟರಲ್ಲಿ ಅವನು ಸ್ಟೇಶನ್ನಿಗೆ ಬಂದಾಗಿತ್ತು, ಮಾವನನ್ನು ಬೈಯಲು ಜೋಡಿಸಿಟ್ಟುಕೊಂಡ ಮಾತು ವ್ಯರ್ಥವಾಯಿತೆಂದು ಅವನಿಗೇ ಬೇಜಾರಾಯಿತು. ಎಲ್ಲರೂ ಎದ್ದರು. ಪಾರ್ವತೆಮ್ಮ ಮಾತ್ರ ಏಳಲಿಲ್ಲ.

"ಸೂಗಪ್ಪನವರs, ಆಕಿ ಒಡಪು ಹೇಳಿದ್ಲು. ಗಂಡ ತಿರುಗಿ ಹೇಳಬೇಕು. ಅದು ಸಾಲ. ತೀರಸ್ರಿ."

ಸೂಗಪ್ಪ ಕೈಯಲ್ಲಿದ್ದ ಟೋಪಿಯನ್ನು ಹಿಂದೆ ಮುಂದೆ ತಿರುಗಿಸಿದ. ಮದುವೆಯಲ್ಲಿ ಯಾರೋ ಕಿವಿಯಲ್ಲಿ ಹೇಳಿಕೊಟ್ಟದ್ದನ್ನು ಹೇಳಿದ್ದ. ಆಮೇಲೆ ಹೆಂಡತಿಯನ್ನು ಅವನೂ 'ಏ, ಕೇಳಿಲ್ಲಿ' ಎಂಬುದರ ಹೊರತು ಬೇರೆ ಹೆಸರಿನಿಂದ ಕರೆದವನಲ್ಲ. ಎದುರಿಗೆ ಇಡೀ ಓಣಿ. "ನನಗ... ನನಗ ಡ್ಯೂಟಿಗೆ ಹೊತ್ತಾತ್ರಿ," ಎಂದು ಟೋಪಿ ಹಾಕಿಕೊಂಡು ಮೆಟ್ಟಿಲಿಳಿದುಬಿಟ್ಟ. ಹಿಂದೆ ಹೆಂಗಸರ ನಗೆ ಆಟೋ ಸ್ಟ್ಯಾಂಡಿನವರೆಗೂ ಕೇಳಿಸಿತು.

ಮರುದಿನ ಅಮಾವಾಸ್ಯೆ. ನಸುಕಿನಿಂದ ಹಂಚು ಆರಲಿಲ್ಲ. ಸೂಗಪ್ಪ ಪಾಳಿಯಿಂದ ಬಂದವನು ಮಲಗದೆ ಡಬ್ಬಿ ತುಂಬಿದ, ಕಟ್ಟಿದ, ಬೈಕಿನ ಹುಡುಗರ ಕೈಗೆ ಕೊಟ್ಟ. ಹೊತ್ತು ನೆತ್ತಿಗೆ ಬರುವಾಗ ಕೊನೆಯ ಡಬ್ಬಿ ಹೋಯಿತು. ಶಿವದೇವಿ ಒಂದು ತುತ್ತು ತೆಗೆದುಕೊಂಡು ಹೋಗಿ, ಹಳಿಯ ಬದಿಯಲ್ಲಿ ಯಾರೋ ಬಿತ್ತಿದ್ದ ನಾಲ್ಕು ಜೋಳದ ದಂಟುಗಳಿಗೆ ಚರಗ ಚೆಲ್ಲಿ ಬಂದಳು. ಇಬ್ಬರೂ ಉಣ್ಣಲು ಕೂತರು.

ಉಣ್ಣುತ್ತ ಉಣ್ಣುತ್ತ ಸೂಗಪ್ಪ ತಡೆದ. ಗೂಡಿನಲ್ಲಿದ್ದ ಎರಡು ಫೋನುಗಳತ್ತ ನೋಡಿದ. ಎದ್ದು, ಎರಡನ್ನೂ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಅದರ ಮೇಲೆ ಒಂದು ಚಾದರ ಹೊದಿಸಿದ. ಬಾಗಿಲು ಮುಂದೆ ಮಾಡಿ ಬಂದು ಮೊದಲಿನ ಜಾಗದಲ್ಲೇ ಕೂತ.

"ಏನ್ರಿ ಇದು?" ಅಂದಳು ಶಿವದೇವಿ.

"ಸಾಲ," ಎಂದ ಸೂಗಪ್ಪ. ಗಂಟಲು ಸರಿಮಾಡಿಕೊಂಡು, ಗೋಡೆಯ ಕಡೆ ನೋಡುತ್ತ, ಒಂದು ಒಡಪು ಹೇಳಿದ.

ಅದರಲ್ಲಿ ಏನಿತ್ತು, ಪ್ರಾಸ ಕೂಡಿತೋ ಇಲ್ಲವೋ, ಅವಳ ಹೆಸರು ಯಾವ ಸಾಲಿನಲ್ಲಿ ಬಂತು, ಇದನ್ನೆಲ್ಲ ಬರೆಯಲು ನಮಗೆ ಅಧಿಕಾರವಿಲ್ಲ. ಓಣಿಗೆ ಕೇಳಿಸಿದ್ದು ಶಿವದೇವಿ ನಕ್ಕದ್ದು ಮಾತ್ರ. ಕೆಳಗೆ ಶಾಂತಪ್ಪ ಹೊಲಿಗೆಯಂತ್ರ ನಿಲ್ಲಿಸಿ, ಕತ್ತೆತ್ತಿ ಕಿವಿಗೊಟ್ಟ. ಒಂದು ಗಳಿಗೆ ಹಾಗೇ ಇದ್ದ. ಆಮೇಲೆ ಏನನ್ನಿಸಿತೋ, ಹೊಲಿಯಲು ಕೈಯಲ್ಲಿ ಬಟ್ಟೆಯೇ ಇಲ್ಲದಿದ್ದರೂ, ಯಂತ್ರವನ್ನು ಜೋರಾಗಿ ತುಳಿಯತೊಡಗಿದ.